ಟೇಬಲ್ ಉದ್ದ, ಪಾಕೆಟ್ ಬಿಗಿ

ಕೇರಂ ಬೋರ್ಡಿನ ಸುತ್ತ ಕೂತ ನಾಲ್ವರಲ್ಲಿ ಸೋತ ಜೋಡಿ ದೂರುವುದು ಸಾಮಾನ್ಯವಾಗಿ ಮೂರನ್ನು: ಪೌಡರ್ ಸಾಲದು, ಸ್ಟ್ರೈಕರ್ ಹಗುರ, ಪಾಕೆಟ್ ಬಿಗಿ. ಮಿಡಿಗೇಶಿ ದುರ್ಗದ ಬುಡದಲ್ಲಿ ಆಡಿದರೂ ಅಷ್ಟೇ, ಶಿರಾ ಪೇಟೆಯಲ್ಲಿ ಆಡಿದರೂ ಅಷ್ಟೇ. ಪೌಡರ್ ಸುರಿದರೆ ಮೊದಲನೆಯ ದೂರು ಮುಗಿಯಿತು, ಸ್ಟ್ರೈಕರ್ ಬದಲಿಸಿದರೆ ಎರಡನೆಯದು. ಮೂರನೆಯದಕ್ಕೆ ಮಾತ್ರ ಅಷ್ಟು ಸುಲಭದ ಉತ್ತರವಿಲ್ಲ. ಬಿಗಿ ಅಂದರೆ ಎಷ್ಟು ಬಿಗಿ? ಯಾವುದಕ್ಕೆ ಹೋಲಿಸಿದರೆ ಬಿಗಿ? ಇದೇ ಪ್ರಶ್ನೆಯನ್ನು ಇಲ್ಲಿಂದ ನೂರು ಕಿಲೋಮೀಟರಿಗೂ ಮಿಕ್ಕಿ ದೂರದ ಬೆಂಗಳೂರಿನ ಬಿಲಿಯರ್ಡ್ಸ್ ಹಾಲುಗಳಲ್ಲೂ, ಅಮೆರಿಕದ ಪೂಲ್ ಪಂದ್ಯಗಳಲ್ಲೂ ಕೇಳುತ್ತಾರೆ. ಆದರೆ ಲೆಕ್ಕ ಕಲಿಯಲು ಕೇರಂ ಬೋರ್ಡೇ ಸಾಕು.

ನಿಯಮದ ಪ್ರಕಾರ ಬೋರ್ಡಿನ ಆಡುವ ಜಾಗ ಸುಮಾರು 74 ಸೆಂ.ಮೀ. ಚೌಕ. ಮೂಲೆಯ ಪಾಕೆಟ್ಟಿನ ವ್ಯಾಸ 4.45 ಸೆಂ.ಮೀ. ಪಾನ್ ಹೆಚ್ಚೆಂದರೆ 3.18 ಸೆಂ.ಮೀ. ಅಂದರೆ ಪಾನ್ ನೇರವಾಗಿ ಪಾಕೆಟ್ಟಿನ ನಡುವಿಗೆ ಹೋದರೆ ಎರಡೂ ಕಡೆ ಸೇರಿ ಉಳಿಯುವ ಸಡಿಲು 1.27 ಸೆಂ.ಮೀ., ಒಂದೊಂದು ಕಡೆಗೆ ಆರು ಮಿಲಿಮೀಟರಿಗೆ ತುಸು ಹೆಚ್ಚು. ಆಟಗಾರನಿಗೆ ತಪ್ಪಲು ಸಿಕ್ಕ ಅವಕಾಶ ಈ ಆರು ಮಿಲಿಮೀಟರ್, ನಾಲ್ಕೂವರೆ ಸೆಂಟಿಮೀಟರ್ ಅಲ್ಲ.

ಈಗ ಬಡಗಿಯೊಬ್ಬ ಪಾಕೆಟ್ಟನ್ನು 4 ಸೆಂ.ಮೀ.ಗೆ ಕೊರೆದ ಅಂದುಕೊಳ್ಳಿ. ನೋಡುವವರಿಗೆ ಅದು ನೂರಕ್ಕೆ ಹತ್ತರಷ್ಟು ಚಿಕ್ಕದು, ಕಣ್ಣಿಗೆ ಬೀಳುವುದೂ ಕಷ್ಟ. ಆದರೆ ಸಡಿಲು 1.27ರಿಂದ 0.82 ಸೆಂ.ಮೀ.ಗೆ ಇಳಿಯಿತು, ಅಂದರೆ ಮೂರನೇ ಒಂದು ಪಾಲಿಗೂ ಮಿಕ್ಕಿ ಹೋಯಿತು. ಪಾಕೆಟ್ ಸ್ವಲ್ಪ ಕುಗ್ಗಿದರೆ ಆಟ ಬಹಳ ಕಷ್ಟವಾಗುವುದು ಹೀಗೆ, ಏಕೆಂದರೆ ಕಳೆಯುವುದೆಲ್ಲ ಸಡಿಲಿನಿಂದಲೇ. ಪಾನ್ ಏನೂ ಬಿಟ್ಟುಕೊಡುವುದಿಲ್ಲ.

ಅಂಥ ಬೋರ್ಡಿನಲ್ಲಿ ಇನ್ನೊಂದು ತಮಾಷೆಯೂ ಆಗುತ್ತದೆ. ಸ್ಟ್ರೈಕರಿನ ವ್ಯಾಸ 4.13 ಸೆಂ.ಮೀ.ವರೆಗೆ ಇರಬಹುದು, ಹಾಗಾಗಿ ಅದು ಆ ಪಾಕೆಟ್ಟಿಗೆ ಬೀಳುವುದೇ ಇಲ್ಲ. ಸ್ಟ್ರೈಕರ್ ಬಿದ್ದರೆ ಫೈನ್ ಕಟ್ಟಬೇಕೆಂಬ ಭಯವೇ ಇಲ್ಲದೆ ಎಲ್ಲರೂ ಹಿಂದೆಮುಂದೆ ನೋಡದೆ ಹೊಡೆಯತೊಡಗುತ್ತಾರೆ. ಹಾಗಾಗಿ ಕೇರಂ ಪಾಕೆಟ್ಟಿನ ಕನಿಷ್ಠ ಅಳತೆಯನ್ನು ನಿರ್ಧರಿಸುವುದು ಪಾನ್ ಅಲ್ಲ, ಸ್ಟ್ರೈಕರ್. ಒಳಗೆ ಹೋಗಬೇಕಾದದ್ದಕ್ಕೂ ಹೋಗಬಾರದ್ದಕ್ಕೂ ಒಂದೇ ಬಾಯಿ ಎಂಬ ಈ ಸಂಕಟ ಪೂಲ್‌ನಲ್ಲೂ ಉಂಟು. ಅಲ್ಲಿ ಬಿಳಿ ಚೆಂಡು ಬಿದ್ದರೆ ಸರದಿ ಹೋಗುತ್ತದೆ.

ಪೂಲ್ ಟೇಬಲ್ಲಿಗೆ ಬರೋಣ. ಚೆಂಡಿನ ವ್ಯಾಸ ಎರಡೂಕಾಲು ಇಂಚು, ಅಂದರೆ 57.15 ಮಿ.ಮೀ. ಅಂತರರಾಷ್ಟ್ರೀಯ ಪಂದ್ಯಗಳ ಟೇಬಲ್ಲನ್ನು ‘9 ಅಡಿಯದು’ ಎನ್ನುತ್ತಾರೆ. ಕುಶನ್‌ನಿಂದ ಕುಶನ್‌ಗೆ ಅಳೆದರೆ ಅದು 100 ಇಂಚು ಉದ್ದ, 50 ಇಂಚು ಅಗಲ. ವಿಶ್ವ ಪೂಲ್ ಸಂಸ್ಥೆಯ ನಿಯಮದಲ್ಲಿ ಮೂಲೆಯ ಪಾಕೆಟ್ಟಿನ ಬಾಯಿ ನಾಲ್ಕೂವರೆ ಇಂಚಿನಿಂದ ಶುರುವಾಗುತ್ತದೆ. ಮೋಜಿಗಾಗಿ ಆಡುವ ಜಾಗಗಳಲ್ಲಿ ಅದು 5 ಇಂಚಿನವರೆಗೂ ಅಗಲವಾಗಿರುತ್ತದೆ. ವಿಶ್ವ ನೈನ್‌ಬಾಲ್ ಪಂದ್ಯಗಳನ್ನು ನಡೆಸುವ ಮ್ಯಾಚ್‌ರೂಮ್ ಸಂಸ್ಥೆ ಈಚಿನ ವರ್ಷಗಳಲ್ಲಿ ಅದನ್ನು 4 ಇಂಚಿಗೆ ಇಳಿಸಿತು. 5 ಇಂಚಿನ ಬಾಯಿಯಲ್ಲಿ ಚೆಂಡಿನ ಒಂದೊಂದು ಪಕ್ಕಕ್ಕೆ ಉಳಿಯುವ ಸಡಿಲು 35 ಮಿ.ಮೀ., ನಾಲ್ಕೂವರೆಯಲ್ಲಿ 28.6, ನಾಲ್ಕರಲ್ಲಿ 22. ಬಾಯಿ ಐದರಲ್ಲಿ ಒಂದು ಪಾಲು ಕುಗ್ಗಿದರೆ ಸಡಿಲು ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಕುಗ್ಗುತ್ತದೆ. ಕೇರಂ ಬೋರ್ಡಿನ ಲೆಕ್ಕವೇ ಇದು.

22 ಮಿಲಿಮೀಟರ್ ಅಂದರೆ ಧಾರಾಳವಾಯಿತಲ್ಲ ಅನ್ನಿಸಬಹುದು. ಆದರೆ ಆಟಗಾರ ಹೊಡೆಯುವುದು ಬಿಳಿ ಚೆಂಡನ್ನು, ಪಾಕೆಟ್ಟಿಗೆ ಹೋಗಬೇಕಾದದ್ದು ಬೇರೆ ಚೆಂಡು. ಇವೆರಡರ ನಡುವೆ ತಪ್ಪು ಬೆಳೆಯುತ್ತದೆ, ಅದೂ ಸಣ್ಣ ಪ್ರಮಾಣದಲ್ಲಲ್ಲ.

ಬಿಳಿ ಚೆಂಡು ಗುರಿಯ ಚೆಂಡಿಗಿಂತ ಒಂದು ಮೀಟರ್ ಹಿಂದಿದೆ, ಗುರಿಯ ಚೆಂಡಿನಿಂದ ಮೂಲೆಯ ಪಾಕೆಟ್ಟಿಗೆ ಟೇಬಲ್ಲಿನ ಅರ್ಧ ಉದ್ದ, ಅಂದರೆ 1.27 ಮೀಟರ್. ಮೂರೂ ಒಂದೇ ಗೆರೆಯ ಮೇಲಿವೆ ಎಂದಿಟ್ಟುಕೊಳ್ಳಿ. ಬಿಳಿ ಚೆಂಡು ಗುರಿಯನ್ನು ಮುಟ್ಟುವ ಹೊತ್ತಿಗೆ ಗೆರೆಯಿಂದ ಒಂದು ಮಿಲಿಮೀಟರ್ ಪಕ್ಕಕ್ಕೆ ಸರಿದಿತ್ತು. ಎರಡು ಚೆಂಡುಗಳು ತಾಗುವಾಗ ಅವುಗಳ ನಡುಬಿಂದುಗಳ ದೂರ ಒಂದು ವ್ಯಾಸದಷ್ಟು, 57 ಮಿ.ಮೀ. ಅಷ್ಟು ಗಿಡ್ಡ ಗೆರೆಯ ಒಂದು ತುದಿ ಒಂದು ಮಿಲಿಮೀಟರ್ ಸರಿದರೆ ಗೆರೆ ಒಂದು ಡಿಗ್ರಿ ವಾಲುತ್ತದೆ. ಗುರಿಯ ಚೆಂಡು ಆ ವಾಲಿದ ದಿಕ್ಕಿನಲ್ಲೇ ಓಡುತ್ತದೆ. ಒಂದು ಡಿಗ್ರಿ ಓರೆಯಾಗಿ 1.27 ಮೀಟರ್ ಓಡಿದ ಚೆಂಡು ಪಾಕೆಟ್ ತಲುಪುವಾಗ 22 ಮಿ.ಮೀ. ಪಕ್ಕಕ್ಕೆ ಹೋಗಿರುತ್ತದೆ. 4 ಇಂಚಿನ ಪಾಕೆಟ್ಟಿನ ಇಡೀ ಸಡಿಲು ಅಲ್ಲಿಗೆ ಮುಗಿಯಿತು.

ಅಂದರೆ ಈ ಹೊಡೆತಕ್ಕೆ 4 ಇಂಚಿನ ಪಾಕೆಟ್ ಕೊಡುವ ರಿಯಾಯಿತಿ, ಚೆಂಡುಗಳು ತಾಗುವ ಜಾಗದಲ್ಲಿ, ಸುಮಾರು ಒಂದು ಮಿಲಿಮೀಟರ್. ನಾಲ್ಕೂವರೆ ಇಂಚಿನದಾದರೆ 1.3ರ ಹತ್ತಿರ, 5 ಇಂಚಿನದಾದರೆ 1.6ರ ಆಸುಪಾಸು. ಪಾಕೆಟ್ಟಿನ ಬಳಿ ಅಷ್ಟು ಅಗಲವಾಗಿ ಕಂಡದ್ದು ಕೋಲು ಹಿಡಿದವನ ಪಾಲಿಗೆ ಇಷ್ಟೇ. ಕೇರಂನಲ್ಲಿ ಸ್ಟ್ರೈಕರಿನಿಂದ ಪಾನ್‌ಗೆ ಒಂದು ಅಡಿ, ಪಾನ್‌ನಿಂದ ಪಾಕೆಟ್ಟಿಗೆ ಒಂದು ಅಡಿ ಇಟ್ಟು ಇದೇ ಲೆಕ್ಕ ಮಾಡಿದರೆ ಒಂದು ಮಿಲಿಮೀಟರಿಗೂ ತುಸು ಕಡಿಮೆ ಬರುತ್ತದೆ. ಕೇರಂ ಆಡಿ ಬೆಳೆದವರು ಪೂಲ್ ಟೇಬಲ್ ನೋಡಿ ಹೆದರಬೇಕಾಗಿಲ್ಲ. ಮಿಲಿಮೀಟರಿನ ಶಿಸ್ತು ಅವರ ಬೆರಳಿಗೆ ಆಗಲೇ ಅಭ್ಯಾಸವಾಗಿದೆ. ಹೊಸದು ದೂರ ಮಾತ್ರ.

ಪಾಕೆಟ್ಟಿನ ಬಗ್ಗೆ ಜಗಳ ಮಾಡುವವರು ಮರೆಯುವುದೂ ಈ ದೂರವನ್ನೇ. ಅಮೆರಿಕದ ಬಾರುಗಳಲ್ಲೂ ಅಲ್ಲಿನ ಹವ್ಯಾಸಿ ಲೀಗುಗಳಲ್ಲೂ 7 ಅಡಿಯ ಟೇಬಲ್ ಹೆಚ್ಚು. ಅದರ ಆಡುವ ಉದ್ದ ಸುಮಾರು 78 ಇಂಚು, 9 ಅಡಿಯದರ ಮುಕ್ಕಾಲಿಗಿಂತ ತುಸು ಹೆಚ್ಚು. ಮೇಲೆ ಹೇಳಿದ ಹೊಡೆತವನ್ನೇ ಅದೇ ಪ್ರಮಾಣದಲ್ಲಿ ಕುಗ್ಗಿಸಿ ಈ ಟೇಬಲ್ ಮೇಲೆ ಇಟ್ಟು ನೋಡಿ. ಗುರಿಯಿಂದ ಪಾಕೆಟ್ಟಿನ ದೂರ ಕಡಿಮೆಯಾದ್ದರಿಂದ ಚೆಂಡು ಹೆಚ್ಚು ಓರೆಯಾಗಿ ಓಡಿದರೂ ಒಳಗೆ ಬೀಳುತ್ತದೆ. ಅದು ಒಂದು ಲಾಭ. ಬಿಳಿ ಚೆಂಡಿನಿಂದ ಗುರಿಯ ದೂರವೂ ಕಡಿಮೆಯಾದ್ದರಿಂದ ಕೋಲಿನ ತಪ್ಪು ಬೆಳೆಯುವುದೂ ಕಡಿಮೆ. ಅದು ಇನ್ನೊಂದು ಲಾಭ. ಎರಡೂ ಒಂದನ್ನೊಂದು ಗುಣಿಸುತ್ತವೆ. ಹಾಗಾಗಿ ಉದ್ದ 0.78 ಪಾಲಾದರೆ ಹೊಡೆತದ ಕಷ್ಟ ಅದರ ವರ್ಗದಷ್ಟು, ಸುಮಾರು 0.6 ಪಾಲಾಗುತ್ತದೆ. ಅದೇ ನಾಲ್ಕೂವರೆ ಇಂಚಿನ ಪಾಕೆಟ್ ಇದ್ದರೂ 7 ಅಡಿಯ ಟೇಬಲ್ ಮೇಲೆ ಕೋಲಿನ ದಿಕ್ಕಿಗೆ ಸಿಗುವ ರಿಯಾಯಿತಿ ಒಂದೂವರೆ ಪಟ್ಟಿಗೂ ಹೆಚ್ಚು.

ತಿರುಗಿಸಿ ಕೇಳೋಣ. ಈ ಸಣ್ಣ ಟೇಬಲ್ಲನ್ನು ದೊಡ್ಡದರಷ್ಟೇ ಕಷ್ಟ ಮಾಡಬೇಕಾದರೆ ಪಾಕೆಟ್ ಎಷ್ಟಿರಬೇಕು? ಲೆಕ್ಕದಲ್ಲಿ 92 ಮಿ.ಮೀ., ಅಂದರೆ ಮೂರೂವರೆ ಇಂಚಿನ ಹತ್ತಿರ. ಅಂಥ ಟೇಬಲ್ಲನ್ನು ಬಾರಿನಲ್ಲಿ ಇಟ್ಟರೆ ಆಡುವ ಗಿರಾಕಿ ಎರಡನೆಯ ಸಲ ಬರುವುದಿಲ್ಲ. ಗಂಟೆ ಲೆಕ್ಕದಲ್ಲೋ ಆಟದ ಲೆಕ್ಕದಲ್ಲೋ ದುಡ್ಡು ತೆಗೆದುಕೊಳ್ಳುವ ಜಾಗಕ್ಕೆ ಅಗಲ ಬಾಯಿಯೇ ಅನ್ನ ಹಾಕುವುದು. ಅದರಲ್ಲಿ ತಪ್ಪೇನೂ ಇಲ್ಲ. ಆ ಟೇಬಲ್ ಮೇಲೆ ಕಲಿತವರು ತಮ್ಮ ಕೈ ಎಷ್ಟು ನಿಖರ ಎಂದು ಅಂದಾಜು ಮಾಡುವಾಗ ಮಾತ್ರ ಮೋಸ ಹೋಗುತ್ತಾರೆ.

ಸಣ್ಣ ಟೇಬಲ್ಲಿಗೆ ತನ್ನದೇ ಒಂದು ತಕರಾರೂ ಇದೆ. ಅದರ ವಿಸ್ತೀರ್ಣ ದೊಡ್ಡದರ ಶೇ. 60ರಷ್ಟು, ಚೆಂಡುಗಳು ಮಾತ್ರ ಅವೇ ಹದಿನೈದು. ಎಲ್ಲಿ ನೋಡಿದರೂ ಗುಂಪು. ದಾರಿಗೆ ಅಡ್ಡ ಬರುವ ಚೆಂಡುಗಳು ಹೆಚ್ಚು, ಬಿಳಿ ಚೆಂಡು ನಿಲ್ಲಬೇಕಾದ ಖಾಲಿ ಜಾಗ ಕಡಿಮೆ. ದೊಡ್ಡ ಟೇಬಲ್ ಮೇಲೆ ಆಡಿ ಬಂದ ನುರಿತವರು ಇಲ್ಲಿ ಎಡವುವುದು ಪಾಕೆಟ್ಟಿನಲ್ಲಲ್ಲ, ಈ ಗುಂಪು ಬಿಡಿಸುವುದರಲ್ಲಿ. ಗುರಿಯ ಪರೀಕ್ಷೆ ಸಡಿಲವಾಗಿ, ಯೋಜನೆಯ ಪರೀಕ್ಷೆ ಬಿಗಿಯಾಯಿತು ಎನ್ನಬಹುದು.

ನಮ್ಮ ಕರ್ನಾಟಕದ ಕತೆ ಹೆಚ್ಚಾಗಿ ನಡೆದಿರುವುದು ಇವೆರಡೂ ಅಲ್ಲದ ಮೂರನೆಯ ಟೇಬಲ್ ಮೇಲೆ: ಸ್ನೂಕರ್ ಮತ್ತು ಬಿಲಿಯರ್ಡ್ಸ್‌ನ 12 ಅಡಿಯದು. ಸ್ನೂಕರ್ ಹುಟ್ಟಿದ್ದು 1875ರಲ್ಲಿ ಜಬಲ್ಪುರದ ಸೇನಾಧಿಕಾರಿಗಳ ಮೆಸ್ಸಿನಲ್ಲಿ, ಬೆಳೆದದ್ದು ನಮ್ಮ ಗುಂಡ್ಲುಪೇಟೆಯ ಆಚೆ ಘಾಟಿ ಹತ್ತಿದರೆ ಸಿಗುವ ಊಟಿಯ ಕ್ಲಬ್ಬಿನಲ್ಲಿ. ಬೆಂಗಳೂರು ಅದನ್ನು ಸ್ವಂತ ಮಾಡಿಕೊಂಡಿತು. ರಾಷ್ಟ್ರೀಯ ಚಾಂಪಿಯನ್ ಆಗಿದ್ದ ಅರವಿಂದ್ ಸವೂರ್ ಇಲ್ಲಿಯವರು. ಅವರ ಕೈಯಲ್ಲಿ ಕಲಿತ ಪಂಕಜ್ ಅಡ್ವಾಣಿ ಅಂತರರಾಷ್ಟ್ರೀಯ ಬಿಲಿಯರ್ಡ್ಸ್ ಮತ್ತು ಸ್ನೂಕರ್ ಫೆಡರೇಶನ್ನಿನ ವಿಶ್ವ ಪ್ರಶಸ್ತಿಗಳನ್ನು 2024ರ ಹೊತ್ತಿಗೆ 28 ಸಲ ಗೆದ್ದಿದ್ದರು. ಸರ್ಕಾರಿ ನೌಕರಿ ಮಾಡುತ್ತಲೇ ಆಡಿದ ಉಮಾದೇವಿ ನಾಗರಾಜ್ 2012ರಲ್ಲಿ ಮಹಿಳೆಯರ ವಿಶ್ವ ಬಿಲಿಯರ್ಡ್ಸ್ ಪ್ರಶಸ್ತಿ ತಂದರು.

ಈ ಟೇಬಲ್ಲಿನ ಆಡುವ ಉದ್ದ 3569 ಮಿ.ಮೀ., ಅಗಲ 1778 ಮಿ.ಮೀ. ಚೆಂಡು 52.5 ಮಿ.ಮೀ., ಪೂಲ್ ಚೆಂಡಿಗಿಂತ ಚಿಕ್ಕದು. ಪಾಕೆಟ್ ಇಷ್ಟೇ ಇಂಚು ಎಂದು ನಿಯಮ ಪುಸ್ತಕ ಹೇಳುವುದಿಲ್ಲ. ಅಧಿಕೃತ ಅಚ್ಚೊಂದನ್ನು ಬಾಯಿಗೆ ಇಟ್ಟು ಸರಿಹೊಂದಬೇಕು ಎನ್ನುತ್ತದೆ. ಆ ಅಗಲ ಸುಮಾರು ಮೂರೂವರೆ ಇಂಚು. ನಮ್ಮ ಉದಾಹರಣೆಯ ಹೊಡೆತವನ್ನೇ ಈ ಟೇಬಲ್ಲಿಗೆ ಹಿಗ್ಗಿಸಿದರೆ, ಚೆಂಡುಗಳು ತಾಗುವಲ್ಲಿ ಸಿಗುವ ರಿಯಾಯಿತಿ ಅರ್ಧ ಮಿಲಿಮೀಟರಿಗೆ ತುಸು ಹೆಚ್ಚು. ನಿಮ್ಮ ಜೇಬಿನ ಎಟಿಎಂ ಕಾರ್ಡಿನ ದಪ್ಪಕ್ಕಿಂತ ಕಡಿಮೆ. ಕೋಲಿನ ದಿಕ್ಕಿನ ಲೆಕ್ಕದಲ್ಲಿ ಇದು 9 ಅಡಿಯ ಪೂಲ್ ಟೇಬಲ್ಲಿಗಿಂತ ಮೂರು ಪಟ್ಟಿಗೂ ಹೆಚ್ಚು ಕಠಿಣ. ಸ್ನೂಕರಿನವರು ಪೂಲ್‌ಗೆ ಹೋದರೆ ಪಾಕೆಟ್ಟುಗಳನ್ನು ನೋಡಿ ನಗುವುದು ಇದಕ್ಕೇ. ಬ್ರೇಕ್ ಹೊಡೆತ, ಕುಶನ್‌ನಿಂದ ಕುಶನ್‌ಗೆ ಬಿಳಿ ಚೆಂಡು ಸುತ್ತಿಸುವ ಕಲೆ ಬೇರೆಯೇ ಇದೆ ಎಂದು ಆಮೇಲೆ ಗೊತ್ತಾಗುತ್ತದೆ.

ಅಡ್ವಾಣಿಯವರ ಪ್ರಶಸ್ತಿಗಳಲ್ಲಿ ನನಗೆ ಕುತೂಹಲ ಹುಟ್ಟಿಸುವುದು ಸಂಖ್ಯೆಗಿಂತ ವೈವಿಧ್ಯ. 2003ರಲ್ಲಿ ಚೀನಾದ ಜಿಯಾಂಗ್‌ಮೆನ್‌ನಲ್ಲಿ ಸ್ನೂಕರ್. 2005ರಲ್ಲಿ ಮಾಲ್ಟಾದಲ್ಲಿ ಬಿಲಿಯರ್ಡ್ಸ್, ಅದೂ ಅಂಕದ ಪಂದ್ಯ ಮತ್ತು ಸಮಯದ ಪಂದ್ಯ ಎರಡೂ. 2014ರಲ್ಲಿ ಆರು ಕೆಂಪು ಚೆಂಡುಗಳ ಸ್ನೂಕರ್. ಟೇಬಲ್ ಎಲ್ಲದಕ್ಕೂ ಅದೇ 12 ಅಡಿಯದು, ಪಾಕೆಟ್ಟುಗಳೂ ಅವೇ. ಆದರೆ ಆಟದೊಳಗಿನ ‘ಉದ್ದ’ ಬೇರೆ ಬೇರೆ. ಸ್ನೂಕರ್‌ನಲ್ಲಿ ಹದಿನೈದು ಕೆಂಪು ಚೆಂಡುಗಳು ಚೆದುರಿ ಟೇಬಲ್ ತುಂಬಿಕೊಂಡಿರುತ್ತದೆ. ಆರು ಕೆಂಪಿನ ಆಟದಲ್ಲಿ ಅದೇ ಟೇಬಲ್ ಬಯಲಿನಂತೆ ತೆರೆದಿರುತ್ತದೆ, ಒಂದು ತಪ್ಪಿಗೆ ಇಡೀ ಫ್ರೇಮ್ ಹೋಗುತ್ತದೆ. ಬಿಲಿಯರ್ಡ್ಸ್‌ನಲ್ಲಿ ಇರುವುದೇ ಮೂರು ಚೆಂಡು. ನುರಿತವರು ಆ ಮೂರನ್ನೂ ಮೇಲ್ತುದಿಯ ಸ್ಪಾಟ್ ಹತ್ತಿರ ಕೂಡಿಹಾಕಿ, ಒಮ್ಮೆ ಕೆಂಪನ್ನು ಪಾಟ್ ಮಾಡಿ ಒಮ್ಮೆ ಕ್ಯಾನನ್ ಹೊಡೆದು (ಒಂದೇ ಹೊಡೆತದಲ್ಲಿ ಉಳಿದೆರಡೂ ಚೆಂಡುಗಳಿಗೆ ತಾಗಿಸಿ), ಒಂದೆರಡು ಅಡಿ ಜಾಗದಲ್ಲೇ ನೂರಾರು ಅಂಕ ಕಟ್ಟುತ್ತಾರೆ. 12 ಅಡಿಯ ಟೇಬಲ್ ಅವರ ಪಾಲಿಗೆ ಕೇರಂ ಬೋರ್ಡಿನಷ್ಟಾಗಿಬಿಡುತ್ತದೆ. ನಿಯಮ ಮಾಡುವವರು ಇದನ್ನು ನೋಡಿಕೊಂಡು ಸುಮ್ಮನಿರಲಿಲ್ಲ. ದೀರ್ಘ ಪಂದ್ಯಗಳಲ್ಲಿ ಪ್ರತಿ ನೂರು ಅಂಕಕ್ಕೊಮ್ಮೆ ಬಿಳಿ ಚೆಂಡು ಕೆಳತುದಿಯ ಬಾಕ್ ಗೆರೆ ದಾಟಿ ಬರಲೇಬೇಕು ಎಂದರು. ಮರವನ್ನು ಉದ್ದ ಮಾಡದೆ, ಬರೀ ಶಾಯಿಯಿಂದ ಟೇಬಲ್ಲನ್ನು ಮತ್ತೆ ಉದ್ದ ಮಾಡಿದ ಉಪಾಯ ಇದು.

ಇದೇ ಬಿಲಿಯರ್ಡ್ಸ್‌ನಲ್ಲಿ ನೂರೈವತ್ತು ವರ್ಷಗಳ ಹಿಂದೆ ಇದಕ್ಕಿಂತ ಒರಟಾದ ಉಪಾಯವೊಂದು ನಡೆಯಿತು. ಸ್ಪಾಟ್ ಮೇಲಿನ ಕೆಂಪು ಚೆಂಡನ್ನು ಒಂದೇ ಪಾಕೆಟ್ಟಿಗೆ ಮತ್ತೆ ಮತ್ತೆ ಹಾಕುವ ‘ಸ್ಪಾಟ್ ಸ್ಟ್ರೋಕ್’ ಆಗ ಇಂಗ್ಲೆಂಡಿನ ವೃತ್ತಿಪರರ ಬ್ರಹ್ಮಾಸ್ತ್ರ. ನೋಡುವವರಿಗೆ ಬೇಸರ, ಹೊಡೆಯುವವರಿಗೆ ಅಂಕದ ಸುರಿಮಳೆ. 1870ರಲ್ಲಿ ಮೊದಲ ಚಾಂಪಿಯನ್‌ಶಿಪ್ ಪಂದ್ಯಕ್ಕೆ ಅದನ್ನು ತಡೆಯಲೆಂದೇ ಬೇರೆ ಟೇಬಲ್ ಮಾಡಿಸಿದರು: ರೂಢಿಯ 3⅝ ಇಂಚಿನ ಪಾಕೆಟ್ ಬದಲು 3 ಇಂಚು, ಸ್ಪಾಟ್ ಕೂಡ ಕುಶನ್ ಹತ್ತಿರಕ್ಕೆ. ಬಾಯಿ ಆರನೇ ಒಂದು ಪಾಲು ಕುಗ್ಗಿತ್ತು. ಚೆಂಡಿನ ವ್ಯಾಸ ಕಳೆದು ನೋಡಿದರೆ ಸಡಿಲು ಶೇ. 40ರಷ್ಟು ಹೋಗಿತ್ತು. ವಿಲಿಯಂ ಕುಕ್ ಎಂಬ ಯುವಕ ಹಿರಿಯ ಚಾಂಪಿಯನ್ ಜಾನ್ ರಾಬರ್ಟ್ಸ್ ಅವರನ್ನು 1200–1083ರಿಂದ ಸೋಲಿಸಿದ. ಸ್ಪಾಟ್ ಸ್ಟ್ರೋಕಿನ ಮಾಮೂಲಿ ದೊಡ್ಡ ಬ್ರೇಕುಗಳು, ಅಂದರೆ ಒಂದೇ ಸರದಿಯ ಅಂಕಗಳ ಸರಣಿಗಳು, ಬರಲಿಲ್ಲ. ತಡೆಯಬೇಕಾದದ್ದನ್ನು ತಡೆದದ್ದೇನೋ ಸರಿ. ಆದರೆ ಆ ಟೇಬಲ್ ಜನರ ಆಟವಾಗಲಿಲ್ಲ. ಉಳಿದ ಕಡೆಯೆಲ್ಲ ಹಳೆಯ ಅಳತೆಯೇ ನಡೆಯಿತು, 1890ರ ದಶಕದಲ್ಲಿ ಬಿಲಿಯರ್ಡ್ಸ್ ಸಂಸ್ಥೆ ಗೊತ್ತುಮಾಡಿದ ಸ್ಟ್ಯಾಂಡರ್ಡ್ ಟೇಬಲ್ಲೂ 3⅝ಕ್ಕೇ ಮರಳಿತು.

ಹಾಗಾದರೆ ಎಷ್ಟು ಬಿಗಿ ಸರಿ? ಬಿಗಿ ಮಾಡಿದಷ್ಟೂ ಉತ್ತಮರು ಎದ್ದು ಕಾಣುತ್ತಾರೆ ಎಂದು ಎಲ್ಲರೂ ನಂಬುತ್ತಾರೆ. ಅರ್ಧ ನಿಜ. ಒಂದು ಲೆಕ್ಕ ಹಾಕೋಣ. ಇಬ್ಬರು ಕಾಲ್ಪನಿಕ ಆಟಗಾರರು. ದೊಡ್ಡವಳ ಬಿಳಿ ಚೆಂಡು ಒಂದು ಮೀಟರ್ ಓಡಿದಾಗ ಮಾನಕ ವಿಚಲನೆಯ ಲೆಕ್ಕದಲ್ಲಿ 0.52 ಮಿ.ಮೀ.ನಷ್ಟು ಆಚೀಚೆ ಹೋಗುತ್ತದೆ, ಚಿಕ್ಕವನದು 0.87 ಮಿ.ಮೀ.ನಷ್ಟು. ತಪ್ಪುಗಳು ಗಂಟೆಯಾಕಾರದ ಗ್ರಾಫಿನಂತೆ ಹರಡುತ್ತವೆ ಎಂದು ಇಟ್ಟುಕೊಳ್ಳೋಣ. ಮೇಲೆ ಹೇಳಿದಂಥ ಉದ್ದದ ಹೊಡೆತವನ್ನೇ ಒಂಬತ್ತು ಸಲ ಸತತವಾಗಿ ಗೆಲ್ಲಬೇಕು.

7 ಅಡಿಯ ಟೇಬಲ್, ನಾಲ್ಕೂವರೆ ಇಂಚಿನ ಪಾಕೆಟ್ ಆದರೆ ಆಕೆ ನೂರಕ್ಕೆ ನೂರು ಅನ್ನುವಷ್ಟು ಗೆಲ್ಲುತ್ತಾಳೆ, ಅವನೂ 92 ಸಲ. ಇಬ್ಬರ ನಡುವೆ ಇರುವ ದೊಡ್ಡ ಅಂತರವನ್ನು ಈ ಟೇಬಲ್ ತೋರಿಸುವುದೇ ಇಲ್ಲ. ಬ್ರೇಕ್ ಹೊಡೆದವರೇ ಮುಗಿಸಿ ಎದ್ದುಹೋಗುತ್ತಾರೆ, ನಾಣ್ಯ ಚಿಮ್ಮಿದ ಹಾಗೆ. 9 ಅಡಿಯ ಟೇಬಲ್ಲಿಗೆ ಬಂದರೆ ಆಕೆ 92, ಅವನು 32. ಅಂತರ ಬಟಾಬಯಲು. ಪಾಕೆಟ್ಟನ್ನು 4 ಇಂಚಿಗೆ ಇಳಿಸಿದರೆ ಆಕೆ 68, ಅವನು 10. ಅನುಪಾತ ಇನ್ನೂ ಹೆಚ್ಚಾಯಿತು, ವ್ಯತ್ಯಾಸ ಮಾತ್ರ 60ರಿಂದ 58ಕ್ಕೆ ಇಳಿಯಿತು. ಇನ್ನೂ ಬಿಗಿ ಮಾಡಿ, ನಾಲ್ಕೂವರೆ ಇಂಚು ಕೊಡುವ ರಿಯಾಯಿತಿಯನ್ನು ಶೇ. 40ಕ್ಕೆ ಕುಗ್ಗಿಸಿದಿರಿ ಅನ್ನಿ. ಆಕೆ ಗೆಲ್ಲುವುದು ನೂರಕ್ಕೆ ನಾಲ್ಕು, ಅವನದು ಸೊನ್ನೆಯೇ. ಈಗ ಇಬ್ಬರೂ ಚೆಂಡು ಹಾಕುವ ಆಸೆ ಬಿಟ್ಟು ಅಡಗಿಸುವ ಆಟ ಆಡುತ್ತಾರೆ. ಇಬ್ಬರಲ್ಲಿ ಯಾರು ಮೇಲು ಎಂಬುದು ಪಾಟ್ ಮಾಡುವ ಕೈಯಿಂದ ತೀರ್ಮಾನವಾಗುವುದಿಲ್ಲ.

ನಿಜವಾದ ಆಟದಲ್ಲಿ ಒಂಬತ್ತೂ ಹೊಡೆತ ಇಷ್ಟು ಉದ್ದ ಇರುವುದಿಲ್ಲ, ಅದಕ್ಕೇ ಈ ಅಂಕಿಗಳನ್ನು ಯಾವ ಪಂದ್ಯಕ್ಕೂ ಅಂಟಿಸಬಾರದು. ಆದರೆ ವಕ್ರರೇಖೆಯ ಆಕಾರ ಸುಳ್ಳಲ್ಲ. ತೀರ ಸಡಿಲಾದರೂ ತೀರ ಬಿಗಿಯಾದರೂ ಟೇಬಲ್ ಆಟಗಾರರನ್ನು ಬೇರ್ಪಡಿಸುವುದನ್ನು ನಿಲ್ಲಿಸುತ್ತದೆ. ನಡುವೆ ಎಲ್ಲೋ ಒಂದು ಶಿಖರವಿದೆ, ಅದರ ಜಾಗ ಆಡುವವರ ಮಟ್ಟದ ಮೇಲೆ ಹೋಗುತ್ತದೆ. ವಿಶ್ವದ ಮೊದಲ ಇಪ್ಪತ್ತು ಜನಕ್ಕೆ 4 ಇಂಚು ಸರಿಯಾದರೆ ತಾಲ್ಲೂಕು ಮಟ್ಟದ ಪಂದ್ಯಕ್ಕೆ ಅದೇ ಅಳತೆ ಶಿಕ್ಷೆ.

ಬಿಗಿಯ ವಿರುದ್ಧ ಇನ್ನೊಂದು ವಾದವಿದೆ, ನನಗೆ ಹೆಚ್ಚು ಒಪ್ಪಿಗೆಯಾಗುವುದು ಅದೇ. ಸಡಿಲು ಇರುವುದು ತಪ್ಪುಗಳನ್ನು ಮನ್ನಿಸಲು ಮಾತ್ರವಲ್ಲ. ನುರಿತವರು ಅದನ್ನು ಬಳಸಿಕೊಳ್ಳುತ್ತಾರೆ. ಚೆಂಡು ನೇರದ ಗೆರೆಯ ಮೇಲಿದ್ದರೆ ಬಿಳಿ ಚೆಂಡನ್ನು ಪಕ್ಕಕ್ಕೆ ಒಯ್ಯುವುದು ಕಷ್ಟ. ಅದು ಗೆರೆಯಲ್ಲೇ ಮುಂದೆ ಹೋಗಬೇಕು, ಹಿಂದೆ ಬರಬೇಕು, ಇಲ್ಲವೇ ಅಲ್ಲೇ ನಿಲ್ಲಬೇಕು. ಆದರೆ ಪಾಕೆಟ್ಟಿನ ನಡುವಿಗೆ ಬದಲು ಎಡ ಅಂಚಿಗೆ ಗುರಿಯಿಟ್ಟು ಹೊಡೆದರೆ ಒಂದಿಷ್ಟು ಕೋನ ಹುಟ್ಟುತ್ತದೆ, ಬಿಳಿ ಚೆಂಡು ಬಲಕ್ಕೆ ಸರಿಯುತ್ತದೆ. ಮುಂದಿನ ಚೆಂಡಿಗೆ ಬೇಕಾದ ಜಾಗ ಸಿಗುತ್ತದೆ. ಪಾಕೆಟ್ ಬಿಗಿಯಾದರೆ ಮೊದಲು ಹೋಗುವುದು ಈ ಸ್ವಾತಂತ್ರ್ಯ. ಬಾಯಿಯ ನಡುವೆಯೇ ಹೋಗಬೇಕು, ಬೇರೆ ದಾರಿ ಇಲ್ಲ ಎಂದಾದಾಗ ಎಲ್ಲರೂ ಒಂದೇ ಹೊಡೆತ ಹೊಡೆಯುತ್ತಾರೆ. ಉದ್ದವಾದ ಟೇಬಲ್ ಹಾಗೆ ಮಾಡುವುದಿಲ್ಲ. ದೂರದ ಚೆಂಡು ಕಷ್ಟ, ಹತ್ತಿರದ ಚೆಂಡಿಗೆ ಪಾಕೆಟ್ಟಿನ ಎರಡೂ ಅಂಚು ಇನ್ನೂ ತೆರೆದಿವೆ. ಹಾಗಾಗಿ ಬಿಳಿ ಚೆಂಡನ್ನು ಹತ್ತಿರ ತಂದು ನಿಲ್ಲಿಸಿಕೊಂಡವರಿಗೆ ಬಹುಮಾನ ಸಿಗುತ್ತದೆ. ಕಠಿಣ ಮಾಡಲೇಬೇಕೆಂದರೆ ಬಾಯಿ ಕುಗ್ಗಿಸುವ ಮೊದಲು ಟೇಬಲ್ ಉದ್ದ ಮಾಡಿ ಎನ್ನುತ್ತೇನೆ. ಅಮೆರಿಕದ ಡರ್ಬಿ ಸಿಟಿ ಕ್ಲಾಸಿಕ್ ಪಂದ್ಯಾವಳಿಯಲ್ಲಿ ‘ಬಿಗ್‌ಫುಟ್’ ಹೆಸರಿನಲ್ಲಿ 10 ಅಡಿಯ ಟೇಬಲ್ ಮೇಲೆ ಟೆನ್‌ಬಾಲ್ ಆಡಿಸಿದ್ದರು. ಆದರೆ ಹಾಲಿನ ಜಾಗ, ಬಾಡಿಗೆ, ಕಲ್ಲಿನ ಹಾಸಿನ ಖರ್ಚು ನೋಡಿದ ಸಂಘಟಕರು ಕುಶನ್ ರಬ್ಬರು ಬದಲಿಸುವುದನ್ನೇ ಅಗ್ಗವೆಂದು ಆರಿಸುತ್ತಾರೆ. ಬಿಗಿ ಪಾಕೆಟ್ಟಿನ ಜನಪ್ರಿಯತೆಯ ಹಿಂದೆ ಈ ಲೆಕ್ಕವೂ ಇದೆ ಎಂಬುದು ನನ್ನ ಗುಮಾನಿ.

ಬಾಯಿಯ ಅಗಲವೊಂದೇ ಬಿಗಿಯನ್ನು ನಿರ್ಧರಿಸುವುದಿಲ್ಲ. ಪೂಲ್ ಪಾಕೆಟ್ಟಿನ ಮುಂದೆ ಬಗ್ಗಿ ನೋಡಿ. ಎರಡು ಕುಶನ್‌ಗಳು ಬಂದು ಚೂಪಾಗಿ ಕತ್ತರಿಸಿದಂತೆ ನಿಲ್ಲುತ್ತವೆ, ಆ ಕತ್ತರಿಸಿದ ಮುಖಗಳು ಒಳಹೋಗುತ್ತ ಹೋಗುತ್ತ ಕಿರಿದಾಗುತ್ತವೆ. ನಿಯಮದ ಪ್ರಕಾರ ಮೂಲೆಯಲ್ಲಿ ಕುಶನ್ ಅಂಚಿಗೂ ಈ ಮುಖಕ್ಕೂ ನಡುವಿನ ಕೋನ 142 ಡಿಗ್ರಿ. ಬಾಯಿಯಿಂದ ತೂತಿನ ಅಂಚಿನವರೆಗೆ ಹಸಿರು ಬಟ್ಟೆಯ ಒಂದು ಜಗಲಿ ಇರುತ್ತದೆ. ಅದು ಉದ್ದವಿದ್ದಷ್ಟೂ, ಒಂದು ಮುಖಕ್ಕೆ ತಾಗಿದ ಚೆಂಡು ಇನ್ನೊಂದಕ್ಕೆ ಬಡಿದು ಹೊರಗೆ ಬರಲು ಸಮಯ ಸಿಗುತ್ತದೆ. ಮೆಲ್ಲಗೆ ಬಂದ ಚೆಂಡು ಅಂಚು ತಾಗಿದರೂ ಒಳಕ್ಕೆ ಜಾರಿಬಿಡುತ್ತದೆ, ಜೋರಾಗಿ ಬಂದದ್ದು ಅದೇ ಜಾಗಕ್ಕೆ ತಾಗಿ ಕಟಕಟ ಎಂದು ಅಲ್ಲಾಡಿ ಹೊರಬೀಳುತ್ತದೆ. ಅಂದರೆ ವೇಗ ಹೆಚ್ಚಾದರೆ ಪಾಕೆಟ್ ಚಿಕ್ಕದಾಗುತ್ತದೆ! ಪಕ್ಕದ ನಡು ಪಾಕೆಟ್ಟುಗಳು ಇನ್ನೂ ವಿಚಿತ್ರ. ನೇರ ಎದುರಿನಿಂದ ಬಂದರೆ ಐದು ಇಂಚಿನ ಹೆಬ್ಬಾಗಿಲು, ಓರೆಯಾಗಿ ಬಂದಷ್ಟೂ ಅರ್ಧ ಮುಚ್ಚಿದ ಬಾಗಿಲು.

ಸ್ನೂಕರಿನಲ್ಲಿ ಚೂಪು ಅಂಚಿನ ಬದಲು ದುಂಡಗೆ ತಿರುಗಿದ ದವಡೆಗಳಿವೆ. ಅಂಚಿಗೆ ತಾಗಿದ ಚೆಂಡನ್ನು ಅವು ಒಳಗೆ ಬಿಡುವುದಕ್ಕಿಂತ ಹೊರಗೆ ಎಸೆಯುವುದೇ ಹೆಚ್ಚು. ಚೀನಾದವರು ಇವೆರಡನ್ನೂ ಬೆರೆಸಿ ‘ಹೇಬಾಲ್’ ಮಾಡಿಕೊಂಡಿದ್ದಾರೆ: 9 ಅಡಿಯ ಟೇಬಲ್, ಪೂಲ್ ಚೆಂಡು, ಸ್ನೂಕರಿನ ದುಂಡು ದವಡೆ. ರಷ್ಯಾದ ಪಿರಮಿಡ್ ಆಟ ಎಲ್ಲಕ್ಕಿಂತ ಅತಿರೇಕ. ಅಲ್ಲಿ 12 ಅಡಿಯ ಟೇಬಲ್ ಮೇಲೆ 68 ಮಿ.ಮೀ. ಚೆಂಡು, ಮೂಲೆಯ ಬಾಯಿ 72–73 ಮಿ.ಮೀ. ಒಂದೊಂದು ಪಕ್ಕಕ್ಕೆ ಉಳಿಯುವುದು ಎರಡರಿಂದ ಎರಡೂವರೆ ಮಿಲಿಮೀಟರ್. ನಮ್ಮ ಲೆಕ್ಕದಲ್ಲಿ ಇದು ಆಡಲಾಗದ ಆಟ, ಆದರೂ ಆಡುತ್ತಾರೆ. ಏಕೆಂದರೆ ಅವರು ನಿಯಮವನ್ನೇ ಬದಲಿಸಿದ್ದಾರೆ. ಯಾವ ಚೆಂಡಿನಿಂದ ಯಾವುದನ್ನಾದರೂ ಹೊಡೆಯುವ, ಹೊಡೆದ ಚೆಂಡೇ ಇನ್ನೊಂದಕ್ಕೆ ತಾಗಿ ಪಾಕೆಟ್ಟಿಗೆ ಬಿದ್ದರೂ ಲೆಕ್ಕಕ್ಕೆ ಬರುವ ಬಗೆಗಳು ಅಲ್ಲಿವೆ. ದೂರದ ಹೊಡೆತ ಬಿಟ್ಟು ಬಾಯಿಯ ಹತ್ತಿರದ ಅವಕಾಶಕ್ಕೆ ಕಾಯುವುದು ಅಲ್ಲಿನ ಆಟದ ಜೀವ.

ಬಿಗಿ ಹೆಚ್ಚಾದಂತೆ ಸಣ್ಣ ಕಾರಣಗಳು ದೊಡ್ಡವಾಗುತ್ತವೆ. ಓರೆಯಾಗಿ ತಾಗಿದಾಗ ಚೆಂಡುಗಳು ಒಂದನ್ನೊಂದು ಉಜ್ಜುತ್ತವೆ, ಆ ಉಜ್ಜುವಿಕೆ ಗುರಿಯ ಚೆಂಡನ್ನು ಎಳೆದು ಒಂದೆರಡು ಡಿಗ್ರಿ, ಕೆಲವೊಮ್ಮೆ ಇನ್ನೂ ಹೆಚ್ಚು ದಾರಿ ತಪ್ಪಿಸುತ್ತದೆ. ಕೊಳೆಯಾದ ಚೆಂಡಿನಲ್ಲಿ ಇದು ಜಾಸ್ತಿ. 5 ಇಂಚಿನ ಪಾಕೆಟ್ಟಿನಲ್ಲಿ ಈ ತಪ್ಪು ಯಾರ ಗಮನಕ್ಕೂ ಬಾರದೆ ನುಂಗಿಹೋಗುತ್ತದೆ, ನಾಲ್ಕರಲ್ಲಿ ಚೆಂಡು ಒರೆಸುವ ಬಟ್ಟೆ ಕೂಡ ಆಟದ ಭಾಗವಾಗುತ್ತದೆ. ಮಳೆಗಾಲದ ತೇವಕ್ಕೆ ಟೇಬಲ್ ಬಟ್ಟೆ ಭಾರವಾಗುತ್ತದೆ, ಚೆಂಡು ನಿಧಾನವಾಗುತ್ತದೆ. ದೊಡ್ಡ ಸ್ನೂಕರ್ ಪಂದ್ಯಗಳಲ್ಲಿ ಟೇಬಲ್ಲಿನ ಕಲ್ಲನ್ನು ಅಡಿಯಿಂದ ಬೆಚ್ಚಗೆ ಇಡುವುದು ಇದಕ್ಕೇ. ಪಾವಗಡದಂಥ ಒಣಹವೆಯಲ್ಲಿ ಕೇರಂ ಬೋರ್ಡಿಗೆ ಆ ತೊಂದರೆ ಕಡಿಮೆ. ಅಲ್ಲಿ ಪೌಡರ್ ಹೆಚ್ಚಾಗಿ ಸ್ಟ್ರೈಕರ್ ಕೈಗೆ ನಿಲ್ಲದಿರುವುದೇ ದೂರು.

ಟೂರ್ನಮೆಂಟ್ ನಡೆಸುವ ಯುವಕ ಸಂಘದವರಿಗೆ ಬೇಕಾದ ಸಾಧನ ದುಬಾರಿಯದಲ್ಲ. ಪೂಲ್ ಪಾಕೆಟ್ಟಿನ ಬಾಯಿಯ ಚೂಪು ತುದಿಗಳ ನಡುವೆ ಎರಡು ಚೆಂಡುಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಸರಿಯಾಗಿ ಹಿಡಿದರೆ ನಾಲ್ಕೂವರೆ ಇಂಚು. ಪಕ್ಕದಲ್ಲಿ ಬೆರಳು ತೂರುವಷ್ಟು ಸಂದು ಉಳಿದರೆ ಅದು ಐದರ ಕಡೆಗಿದೆ, ಎರಡನೆಯ ಚೆಂಡು ಹೋಗಲೇ ಇಲ್ಲವಾದರೆ ನಾಲ್ಕರ ಕಡೆಗಿದೆ. ಕೇರಂನಲ್ಲಿ ಪೂರ್ತಿ ಅಳತೆಯ ಸ್ಟ್ರೈಕರನ್ನೇ ಪಾಕೆಟ್ಟಿನ ನಡುವೆ ಇಳಿಬಿಟ್ಟು ನೋಡಿದರೆ ಸುತ್ತ ಒಂದೂವರೆ ಮಿಲಿಮೀಟರಿನಷ್ಟು ಸಂದು ಕಾಣಬೇಕು. ನಾಲ್ಕು ಮೂಲೆಯಲ್ಲೂ ನೋಡಬೇಕು. ಪೇಟೆಯಲ್ಲಿ ಸಿಗುವ ಅಗ್ಗದ ಬೋರ್ಡುಗಳಲ್ಲಿ ನಾಲ್ಕೂ ತೂತು ಒಂದೇ ಸಮ ಇರುತ್ತವೆಂಬ ಖಾತರಿಯಿಲ್ಲ. ಒಂದು ಮೂಲೆ ಎರಡು ಮಿಲಿಮೀಟರ್ ಬಿಗಿಯಿದ್ದರೆ ಆ ಮೂಲೆಗೇ ಹೆಚ್ಚು ಹೊಡೆಯಬೇಕಾದ ಜೋಡಿ ಟಾಸ್ ಹಾಕುವಾಗಲೇ ಕಾಲು ಭಾಗ ಸೋತಿರುತ್ತದೆ, ಪಂದ್ಯದ ನಡುವೆ ಜಾಗ ಬದಲಿಸಿಕೊಳ್ಳದಿದ್ದರೆ.